ಬಿಂದುವೋ, ಅಂಚೋ, ಎರಡೂ ಬೇಕೋ? ಗ್ರಾಫ್‌ನಲ್ಲಿ ದೂರ ಅಳೆದು ಗುರುತಿಸುವ ನಾಲ್ಕು ದಾರಿಗಳಲ್ಲಿ ನಿಮಗೆ ಯಾವುದು?

ಕಳೆದ ಮಳೆಗಾಲ ನಾನು ಕೂತಿದ್ದ ಬಸ್ಸು ಕಾಸರಗೋಡು ಜಿಲ್ಲೆಯ ಬದಿಯಡ್ಕ ದಾಟಿ, ಮುಳ್ಳೇರಿಯ ಮುಟ್ಟುವ ಮೊದಲೇ ಕೆಟ್ಟು ನಿಂತಿತು. ಜೋರು ಮಳೆ. ಕರೆದುಕೊಂಡು ಹೋಗಲು ಹೊರಟಿದ್ದ ತಮ್ಮ ಫೋನಿನಲ್ಲಿ ಕೇಳಿದ, "ಅಣ್ಣ, ಎಲ್ಲಿದ್ದಿ?" "ಬದಿಯಡ್ಕದ ಹತ್ತಿರ" ಅಂದೆ. ಅಷ್ಟರಲ್ಲಿ ಫೋನ್ ಕಟ್ಟಾಯಿತು. ಅವನು ಬದಿಯಡ್ಕ ಪೇಟೆಗೆ ಬಂದು ನಿಂತ. ಅಲ್ಲಿಂದ ಒಂದು ರಸ್ತೆ ಚೆರ್ಕಳಕ್ಕೆ, ಒಂದು ಸೀತಾಂಗೋಳಿಗೆ, ಒಂದು ಪೆರ್ಲಕ್ಕೆ, ಒಂದು ಮುಳ್ಳೇರಿಯಕ್ಕೆ. ಯಾವುದಕ್ಕೆ ತಿರುಗುವುದು? ನಾನು ಊರಿನ ಹೆಸರು ಹೇಳಿದ್ದೆ. ಅವನಿಗೆ ಬೇಕಾಗಿದ್ದದ್ದು ರಸ್ತೆ.

ಊರು ಗೊತ್ತಾದರೆ ರಸ್ತೆ ಗೊತ್ತಾದ ಹಾಗಲ್ಲ. ಬಿಂದುಗಳನ್ನು ಗೆರೆಗಳಿಂದ ಜೋಡಿಸಿದ ಚಿತ್ರಕ್ಕೆ ಗಣಿತದಲ್ಲಿ ಗ್ರಾಫ್ ಎನ್ನುತ್ತಾರೆ. ಗ್ರಾಫ್ ಥಿಯರಿಯಲ್ಲಿ ಇದೇ ವ್ಯತ್ಯಾಸದ ಮೇಲೆ ಬೇರೆ ಬೇರೆ ಲೆಕ್ಕಗಳು ನಿಂತಿವೆ. ಎಂ.ಎಸ್ಸಿ. ಪ್ರಾಜೆಕ್ಟಿಗೆ ವಿಷಯ ಹುಡುಕುವ ನಮ್ಮ ಕಡೆಯ ಮಕ್ಕಳು ನನ್ನ ಹತ್ತಿರ ಬಂದಾಗ ಕೇಳುವುದು ಸಾಮಾನ್ಯ: "ಮೆಟ್ರಿಕ್ ಡೈಮೆನ್ಶನ್ ಮಾಡಿದರೆ ಎಡ್ಜ್ ಮೆಟ್ರಿಕ್ ಡೈಮೆನ್ಶನ್ ಕೂಡ ಆದ ಹಾಗೇ ಅಲ್ವಾ ಸರ್?" ಅಲ್ಲ. ಹೆಸರು ಅಕ್ಕಪಕ್ಕ ಇರುವುದರಿಂದ ಹಾಗೆ ಅನಿಸುತ್ತದೆ. ಯಾವುದಕ್ಕೆ ಯಾವುದನ್ನು ಹಿಡಿಯಬೇಕು ಎನ್ನುವುದನ್ನು ನಮ್ಮದೇ ಊರುಗಳ ನಕ್ಷೆ ಇಟ್ಟುಕೊಂಡು ಇಲ್ಲಿ ಬಿಡಿಸಿ ಹೇಳುತ್ತೇನೆ. ಪೆನ್ನು, ಕಾಗದ ಹತ್ತಿರ ಇರಲಿ.

ಮೊದಲು ನಕ್ಷೆ

ಏಳು ಊರು ತೆಗೆದುಕೊಳ್ಳಿ: ಕಾಸರಗೋಡು, ಕುಂಬಳೆ, ಸೀತಾಂಗೋಳಿ, ಬದಿಯಡ್ಕ, ಚೆರ್ಕಳ, ಮುಳ್ಳೇರಿಯ, ಪೆರ್ಲ. ಇವು ಬಿಂದುಗಳು. ಪುಸ್ತಕಗಳಲ್ಲಿ ಶೃಂಗ ಎಂದೂ ಬರೆಯುತ್ತಾರೆ, ನಾನು ಬಿಂದು ಅಂತಲೇ ಅನ್ನುತ್ತೇನೆ.

ಈಗ ಎಂಟು ರಸ್ತೆ ಎಳೆಯಿರಿ. ಹೈವೇಯಲ್ಲಿ ಕುಂಬಳೆ–ಕಾಸರಗೋಡು, ಕಾಸರಗೋಡು–ಚೆರ್ಕಳ. ಕುಂಬಳೆಯಿಂದ ಒಳಕ್ಕೆ ಕುಂಬಳೆ–ಸೀತಾಂಗೋಳಿ, ಸೀತಾಂಗೋಳಿ–ಬದಿಯಡ್ಕ, ಬದಿಯಡ್ಕ–ಮುಳ್ಳೇರಿಯ. ಚೆರ್ಕಳದಿಂದ ಕಲ್ಲಡ್ಕಕ್ಕೆ ಹೋಗುವ ರಸ್ತೆಯಲ್ಲಿ ಚೆರ್ಕಳ–ಬದಿಯಡ್ಕ, ಬದಿಯಡ್ಕ–ಪೆರ್ಲ. ಜಾಲ್ಸೂರು ರಸ್ತೆಯಲ್ಲಿ ಚೆರ್ಕಳ–ಮುಳ್ಳೇರಿಯ. ಇವು ಅಂಚುಗಳು. ನೀರ್ಚಾಲು, ಬೋವಿಕ್ಕಾನ, ಉಕ್ಕಿನಡ್ಕ ಎಲ್ಲ ನಡುವೆ ಬರುತ್ತವೆ. ಒಳರಸ್ತೆಗಳೂ ಬೇಕಾದಷ್ಟಿವೆ. ಲೆಕ್ಕ ಕೈಯಲ್ಲಿ ಮುಗಿಯಲಿ ಅಂತ ಅವನ್ನೆಲ್ಲ ಬಿಟ್ಟಿದ್ದೇನೆ.

ದೂರ ಅಂದರೆ ಇಲ್ಲಿ ಕಿಲೋಮೀಟರ್ ಅಲ್ಲ. ಒಂದು ಬಿಂದುವಿನಿಂದ ಇನ್ನೊಂದಕ್ಕೆ ಹೋಗಲು ಕಡಿಮೆಯೆಂದರೆ ಎಷ್ಟು ಅಂಚು ದಾಟಬೇಕೋ ಅದೇ ದೂರ. ಕಾಸರಗೋಡಿನಿಂದ ಬದಿಯಡ್ಕಕ್ಕೆ 2, ಚೆರ್ಕಳ ದಾಟಿ. ಕುಂಬಳೆಯಿಂದ ಮುಳ್ಳೇರಿಯಕ್ಕೆ 3.

ಹುಡುಕುವುದು ಊರನ್ನಾದರೆ

ಕೆಲವು ಊರುಗಳಲ್ಲಿ ಒಬ್ಬೊಬ್ಬರನ್ನು ನಿಲ್ಲಿಸುತ್ತೇವೆ. ಆ ಊರುಗಳನ್ನು ಹೆಗ್ಗುರುತು ಎನ್ನೋಣ. ಕಳೆದುಹೋದವನು ಯಾವುದೋ ಒಂದು ಊರಲ್ಲಿ ಇದ್ದಾನೆ. ಪ್ರತಿ ಹೆಗ್ಗುರುತು ಹೇಳುವುದು ಒಂದೇ ಸಂಖ್ಯೆ, ಅವನು ಇಲ್ಲಿಂದ ಎಷ್ಟು ದೂರ ಅಂತ. ಆ ಸಂಖ್ಯೆಗಳನ್ನು ಸಾಲಾಗಿ ಬರೆದರೆ ಊರು ಯಾವುದು ಎಂದು ಖಚಿತವಾಗಿ ಗೊತ್ತಾಗಬೇಕು. ಇದಕ್ಕೆ ಎಷ್ಟು ಹೆಗ್ಗುರುತು ಕನಿಷ್ಠ ಬೇಕೋ ಅದೇ ಮೆಟ್ರಿಕ್ ಡೈಮೆನ್ಶನ್.

ಥಟ್ಟನೆ ಮನಸ್ಸಿಗೆ ಬರುವುದು ಬದಿಯಡ್ಕ. ನಾಲ್ಕು ರಸ್ತೆ ಸೇರುವ ಜಾಗ, ಎಲ್ಲಕ್ಕೂ ನಡುವೆ. ಕಾಸರಗೋಡು, ಬದಿಯಡ್ಕ ಎರಡನ್ನು ಇಟ್ಟು ನೋಡಿ. ಸೀತಾಂಗೋಳಿ ಕಾಸರಗೋಡಿಗೆ 2, ಬದಿಯಡ್ಕಕ್ಕೆ 1. ಮುಳ್ಳೇರಿಯವೂ ಕಾಸರಗೋಡಿಗೆ 2, ಬದಿಯಡ್ಕಕ್ಕೆ 1. ಬೇರೆ ಮಾಡಲು ಆಗುವುದಿಲ್ಲ. ನಡುವೆ ಇರುವವನಿಗೆ ಸುತ್ತಲಿನ ಎಲ್ಲವೂ ಒಂದೇ ದೂರದಲ್ಲಿ ಕಾಣುತ್ತದೆ. ಅದೇ ಅವನ ತೊಂದರೆ.

ಈಗ ಕಾಸರಗೋಡು, ಕುಂಬಳೆ ಇಡಿ. ಮೊದಲ ಸಂಖ್ಯೆ ಕಾಸರಗೋಡಿನಿಂದ, ಎರಡನೆಯದು ಕುಂಬಳೆಯಿಂದ:

ಕಾಸರಗೋಡು 0,1
ಕುಂಬಳೆ 1,0
ಚೆರ್ಕಳ 1,2
ಸೀತಾಂಗೋಳಿ 2,1
ಬದಿಯಡ್ಕ 2,2
ಮುಳ್ಳೇರಿಯ 2,3
ಪೆರ್ಲ 3,3

ಏಳಕ್ಕೆ ಏಳೂ ಬೇರೆ. ಒಂದೇ ಹೆಗ್ಗುರುತಿನಲ್ಲಿ ಕೆಲಸ ಆಗುವುದು ಗ್ರಾಫ್ ಒಂದು ನೇರ ದಾರಿಯಾಗಿದ್ದರೆ ಮಾತ್ರ. ನಮ್ಮದು ಹಾಗಿಲ್ಲ. ಹಾಗಾಗಿ ಉತ್ತರ 2.

ಈ ನಾಲ್ಕರಲ್ಲಿ ಹಳೆಯದು ಇದೇ. ಪೀಟರ್ ಸ್ಲೇಟರ್ 1975ರಲ್ಲಿ ಇದನ್ನು ಲೊಕೇಟಿಂಗ್ ಸೆಟ್ ಎಂಬ ಹೆಸರಿನಲ್ಲಿ ತಂದರು. ಮರುವರ್ಷ, 1976ರಲ್ಲಿ, ಹರಾರಿ ಮತ್ತು ಮೆಲ್ಟರ್ ಬೇರೆಯಾಗಿಯೇ ಇಲ್ಲಿಗೆ ಬಂದು ಮೆಟ್ರಿಕ್ ಡೈಮೆನ್ಶನ್ ಎಂದು ಕರೆದರು. ಎರಡನೆಯ ಹೆಸರು ನಿಂತಿತು. 1996ರಲ್ಲಿ ಖುಲ್ಲರ್, ರಾಘವಾಚಾರಿ, ರೋಸೆನ್‌ಫೆಲ್ಡ್ ಇದನ್ನು ರೋಬೋಟ್ ದಾರಿ ಹುಡುಕುವುದಕ್ಕೆ ಜೋಡಿಸಿ ಬರೆದರು. ರೋಬೋಟ್ ಹೆಗ್ಗುರುತುಗಳಿಂದ ದೂರ ಅಳೆದು ತಾನು ಎಲ್ಲಿದ್ದೇನೆ ಎಂದು ತಿಳಿಯುತ್ತದೆ. ನೀವು ಹುಡುಕುವ ವಸ್ತು ಯಾವಾಗಲೂ ಬಿಂದುವಿನಲ್ಲೇ ಇರುತ್ತದೆ ಎಂದು ಖಚಿತ ಇದ್ದರೆ ಇದನ್ನೇ ಹಿಡಿಯಿರಿ. ಓದಲು ಸಾಮಗ್ರಿಯೂ ಇದರಲ್ಲೇ ಜಾಸ್ತಿ.

ಹುಡುಕುವುದು ರಸ್ತೆಯನ್ನಾದರೆ

ಕೆಲೆಂಕ್, ಟ್ರಾಟ್ನಿಕ್, ಯೆರೋ ಎಂಬ ಮೂವರ ಲೇಖನ 2018ರಲ್ಲಿ ಅಚ್ಚಾಯಿತು. ಅವರು ಕೇಳಿದ ಪ್ರಶ್ನೆ ಸರಳ. ಬಿಂದುಗಳ ಬದಲು ಅಂಚುಗಳನ್ನು ಗುರುತಿಸಬೇಕು ಅಂದರೆ? ಬಿಂದುವಿನಿಂದ ಅಂಚಿಗೆ ದೂರ ಅಂದರೆ, ಅಂಚಿನ ಎರಡು ತುದಿಗಳಲ್ಲಿ ಯಾವುದು ಹತ್ತಿರವೋ ಅದಕ್ಕಿರುವ ದೂರ. ಇದರ ಕನಿಷ್ಠ ಸಂಖ್ಯೆಯೇ ಎಡ್ಜ್ ಮೆಟ್ರಿಕ್ ಡೈಮೆನ್ಶನ್.

ಊರಿಗೆ ಸರಿಹೋದ ಕಾಸರಗೋಡು–ಕುಂಬಳೆ ಜೋಡಿಯನ್ನೇ ಇಲ್ಲಿ ಹಾಕಿ ನೋಡೋಣ:

ಕಾಸರಗೋಡು–ಕುಂಬಳೆ 0,0
ಕುಂಬಳೆ–ಸೀತಾಂಗೋಳಿ 1,0
ಸೀತಾಂಗೋಳಿ–ಬದಿಯಡ್ಕ 2,1
ಚೆರ್ಕಳ–ಬದಿಯಡ್ಕ 1,2
ಕಾಸರಗೋಡು–ಚೆರ್ಕಳ 0,1
ಬದಿಯಡ್ಕ–ಮುಳ್ಳೇರಿಯ 2,2
ಚೆರ್ಕಳ–ಮುಳ್ಳೇರಿಯ 1,2
ಬದಿಯಡ್ಕ–ಪೆರ್ಲ 2,2

ಎರಡು ಕಡೆ ಕೆಟ್ಟಿತು. ಚೆರ್ಕಳ–ಬದಿಯಡ್ಕ ಮತ್ತು ಚೆರ್ಕಳ–ಮುಳ್ಳೇರಿಯ ಎರಡೂ 1,2. ಬದಿಯಡ್ಕ–ಮುಳ್ಳೇರಿಯ ಮತ್ತು ಬದಿಯಡ್ಕ–ಪೆರ್ಲ ಎರಡೂ 2,2. ನನ್ನ ತಮ್ಮ ಮಳೆಯಲ್ಲಿ ನಿಂತು ಯೋಚಿಸಿದ್ದು ಈ ಎರಡನೆಯ ಗೊಂದಲದಲ್ಲೇ.

ಬೇರೆ ಎರಡು ಊರು ಇಟ್ಟರೆ? ಬದಿಯಡ್ಕ–ಮುಳ್ಳೇರಿಯ, ಬದಿಯಡ್ಕ–ಪೆರ್ಲ ಈ ಎರಡು ರಸ್ತೆಗಳನ್ನು ಬೇರೆ ಮಾಡಬಲ್ಲ ಹೆಗ್ಗುರುತು ಎರಡೇ, ಒಂದು ಮುಳ್ಳೇರಿಯ, ಇನ್ನೊಂದು ಪೆರ್ಲ. ಉಳಿದ ಎಲ್ಲ ಊರಿನವರೂ ಮೊದಲು ಬದಿಯಡ್ಕವನ್ನೇ ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆ ಅಥವಾ ಅದರಷ್ಟೇ ದೂರದಲ್ಲಿ ಇನ್ನೊಂದು ತುದಿಯನ್ನು ಕಾಣುತ್ತಾರೆ. ಹಾಗಾಗಿ ಜೋಡಿಯಲ್ಲಿ ಈ ಎರಡರಲ್ಲಿ ಒಂದು ಇರಲೇಬೇಕು. ಅಂಥ ಜೋಡಿಗಳು 11. ಹನ್ನೊಂದನ್ನೂ ಹಾಕಿ ನೋಡಿದೆ, ಒಂದೂ ನಿಲ್ಲಲಿಲ್ಲ. ನೀವೂ ಹಾಕಿ ನೋಡಿ, ಅರ್ಧ ಗಂಟೆಯ ಕೆಲಸ. ಅಷ್ಟರಲ್ಲಿ ವಿಷಯ ಕೈಗೆ ಹತ್ತುತ್ತದೆ.

ಮೊದಲ ಜೋಡಿಗೆ ಮುಳ್ಳೇರಿಯ ಸೇರಿಸಿದರೆ ಎರಡೂ ಗಂಟು ಒಟ್ಟಿಗೆ ಬಿಚ್ಚುತ್ತವೆ. ಚೆರ್ಕಳ–ಬದಿಯಡ್ಕ ಮುಳ್ಳೇರಿಯದಿಂದ 1, ಚೆರ್ಕಳ–ಮುಳ್ಳೇರಿಯ 0. ಬದಿಯಡ್ಕ–ಮುಳ್ಳೇರಿಯ 0, ಬದಿಯಡ್ಕ–ಪೆರ್ಲ 1. ಉತ್ತರ 3.

ಅಂಚು ಯಾಕೆ ಜಾಸ್ತಿ ಕೇಳುತ್ತದೆ? ಇದರ ಕಾರಣ ನನಗೆ ತುಂಬ ಇಷ್ಟ. ಒಂದು ಕೂಡುರಸ್ತೆಯಲ್ಲಿ ನಿಂತು ಯೋಚಿಸಿ. ಯಾವುದೋ ಹೆಗ್ಗುರುತು ಆ ಕೂಡುರಸ್ತೆಯಿಂದ 5 ದೂರದಲ್ಲಿದೆ ಅನ್ನಿ. ಪಕ್ಕದ ಊರುಗಳು ಅದಕ್ಕೆ 4, 5 ಅಥವಾ 6 ದೂರದಲ್ಲಿ ಇರಬಹುದು. ಮೂರು ಉತ್ತರ ಸಾಧ್ಯ. ಆದರೆ ಆ ಕೂಡುರಸ್ತೆಯ ಅಂಚುಗಳಿಗೆ ದೂರ 4 ಅಥವಾ 5 ಮಾತ್ರ. ಹತ್ತಿರದ ತುದಿಯನ್ನೇ ಅಳೆಯುವುದರಿಂದ 6 ಬರಲು ಸಾಧ್ಯವಿಲ್ಲ. ಅಂದರೆ ಪ್ರತಿ ಹೆಗ್ಗುರುತೂ ಒಂದು ಕೂಡುರಸ್ತೆಯ ಅಂಚುಗಳನ್ನು ಎರಡೇ ಗುಂಪು ಮಾಡಬಲ್ಲದು. ಒಂದು ಬಿಂದುವಿನಲ್ಲಿ 16 ಅಂಚು ಸೇರಿದರೆ 4 ಹೆಗ್ಗುರುತು ಬೇಕೇ ಬೇಕು, 17 ಸೇರಿದರೆ 5.

ಇದು ಎಷ್ಟು ಕೆಟ್ಟದಾಗಬಹುದು ಎಂದು ತಿಳಿಯಲು ಗಾಡಿಯ ಚಕ್ರ ನೋಡಿ. ನಡುವೆ ಗುಂಬ, ಸುತ್ತ 20 ಬಿಂದುಗಳ ಪಟ್ಟಿ, ಗುಂಬದಿಂದ ಪಟ್ಟಿಗೆ 20 ಅರೆಕಾಲು. ಪಟ್ಟಿಯ ಮೇಲೆ ನಿಂತ ಹೆಗ್ಗುರುತಿಗೆ ತನ್ನದೇ ಅರೆಕಾಲು 0, ಉಳಿದ 19ಕ್ಕೂ 1. ತನ್ನದು ಒಂದನ್ನು ಬಿಟ್ಟು ಬೇರೆ ಯಾವುದನ್ನೂ ಅದು ಬೇರ್ಪಡಿಸಲಾರದು. ಗುಂಬಕ್ಕೆ ಎಲ್ಲ ಅರೆಕಾಲೂ 0. ಹಾಗಾಗಿ 19 ಹೆಗ್ಗುರುತು ಬೇಕು. ಬಿಂದುಗಳನ್ನು ಗುರುತಿಸಲು ಅದೇ ಚಕ್ರಕ್ಕೆ 8 ಸಾಕು. 8 ಎಲ್ಲಿ, 19 ಎಲ್ಲಿ! ಪ್ರಾಜೆಕ್ಟಿನಲ್ಲಿ ಎರಡನ್ನೂ ಹೋಲಿಸಿ ತೋರಿಸಬೇಕು ಅನ್ನುವವರು ಚಕ್ರದಿಂದ ಶುರು ಮಾಡಿ. ಸೂತ್ರ ಬೇಕಾದರೆ, ಸುತ್ತಿನ ಬಿಂದುಗಳು 7 ಅಥವಾ ಜಾಸ್ತಿ ಇದ್ದಾಗ ಆ ಸಂಖ್ಯೆಯ ಎರಡರಷ್ಟಕ್ಕೆ 2 ಸೇರಿಸಿ 5ರಿಂದ ಭಾಗಿಸಿ, ಉಳಿಕೆ ಬಿಡಿ. ಅದು ಬಿಂದುಗಳ ಉತ್ತರ. ಅಂಚುಗಳ ಉತ್ತರ, ಸುತ್ತಿನ ಸಂಖ್ಯೆಯಲ್ಲಿ 1 ಕಡಿಮೆ.

ಹಾಗಂತ ಅಂಚಿಗೆ ಯಾವಾಗಲೂ ಜಾಸ್ತಿ ಬೇಕು ಎಂದು ಬರೆದುಬಿಡಬೇಡಿ. ನೇರ ದಾರಿಗೆ ಎರಡೂ 1, ಬಳೆಯಂತಹ ಸುತ್ತಿಗೆ ಎರಡೂ 2. ಎರಡು ಸುತ್ತುಗಳನ್ನು ಗುಣಿಸಿದಾಗ ಸಿಗುವ, ಅಂದರೆ ಚೌಕಜಾಲದ ಎದುರೆದುರು ಬದಿಗಳನ್ನು ಜೋಡಿಸಿದಂತಿರುವ, ಟೋರಸ್ ಗ್ರಾಫ್‌ಗಳಲ್ಲಿ ಕೆಲವಕ್ಕೆ ಬಿಂದುಗಳಿಗೆ 4 ಬೇಕು, ಅಂಚುಗಳಿಗೆ 3 ಸಾಕು. ಆ ಮೂವರ ಲೇಖನದಲ್ಲೇ ಇದು ಇದೆ. ಒಂದು ಇನ್ನೊಂದಕ್ಕಿಂತ ದೊಡ್ಡದು ಎಂಬ ನಿಯಮವೇ ಇಲ್ಲ.

ಎರಡರಲ್ಲಿ ಯಾವುದು ಎಂದೇ ಗೊತ್ತಿಲ್ಲದಿದ್ದರೆ

ಬಸ್ಸು ಊರಲ್ಲೇ ನಿಂತಿದೆಯೋ, ನಡುದಾರಿಯಲ್ಲೋ? ಅದೂ ಗೊತ್ತಿಲ್ಲ. ಆಗ ಬಿಂದುಗಳೂ ಅಂಚುಗಳೂ ಒಟ್ಟಿಗೆ, ಎಲ್ಲವೂ ಪರಸ್ಪರ ಬೇರೆಯಾಗಿ ಕಾಣಬೇಕು. ಇದು ಮಿಕ್ಸೆಡ್ ಮೆಟ್ರಿಕ್ ಡೈಮೆನ್ಶನ್. ಕೆಲೆಂಕ್, ಕುಜಿಯಾಕ್, ತಾರಾನೆಂಕೊ, ಯೆರೋ ಇವರ ಲೇಖನ 2017ರದ್ದು.

ನಮ್ಮ ಮೂರು ಹೆಗ್ಗುರುತು, ಕಾಸರಗೋಡು, ಕುಂಬಳೆ, ಮುಳ್ಳೇರಿಯ, ಇಲ್ಲಿ ಸಾಲುವುದಿಲ್ಲ. ಬದಿಯಡ್ಕ ಪೇಟೆಗೆ 2,2,1. ಬದಿಯಡ್ಕ–ಪೆರ್ಲ ರಸ್ತೆಗೂ 2,2,1. ಪೆರ್ಲ ಈ ನಕ್ಷೆಯಲ್ಲಿ ತುದಿಯ ಊರು, ಅಲ್ಲಿಗೆ ಒಂದೇ ರಸ್ತೆ. ಪೆರ್ಲದಲ್ಲಿ ನಿಂತವನಿಗೆ ಬಿಟ್ಟು ಬೇರೆ ಯಾರಿಗೂ ಬದಿಯಡ್ಕ ಮತ್ತು ಆ ರಸ್ತೆ ಬೇರೆ ದೂರದಲ್ಲಿ ಕಾಣಲು ಸಾಧ್ಯವಿಲ್ಲ. ಎಲ್ಲರೂ ಬದಿಯಡ್ಕದ ಮೂಲಕವೇ ಆ ರಸ್ತೆಗೆ ಬರಬೇಕಲ್ಲ! ಹಾಗಾಗಿ ಮಿಶ್ರ ಲೆಕ್ಕದಲ್ಲಿ ತುದಿಯ ಬಿಂದು ಪ್ರತಿಯೊಂದೂ ಹೆಗ್ಗುರುತಾಗಲೇಬೇಕು. ಇದರಲ್ಲಿ ರಾಜಿ ಇಲ್ಲ.

ಮುಳ್ಳೇರಿಯಕ್ಕೂ ಅದೇ ಗತಿ, ಆದರೆ ಕಾರಣ ಬೇರೆ. ಬದಿಯಡ್ಕ, ಚೆರ್ಕಳ, ಮುಳ್ಳೇರಿಯ ತ್ರಿಕೋನ ಮಾಡಿವೆ. ಬದಿಯಡ್ಕಕ್ಕಿಂತ ಮುಳ್ಳೇರಿಯ ಹತ್ತಿರ ಅನಿಸುವ ಊರು ಮುಳ್ಳೇರಿಯ ಒಂದೇ. ಹಾಗಾಗಿ ಅದೂ ಬೇಕು. ಇನ್ನು ಕಾಸರಗೋಡು ಮತ್ತು ಕಾಸರಗೋಡು–ಕುಂಬಳೆ ರಸ್ತೆ ಬೇರೆಯಾಗಲು ಕುಂಬಳೆ ಅಥವಾ ಸೀತಾಂಗೋಳಿ ಬೇಕು. ಬದಿಯಡ್ಕ ಮತ್ತು ಬದಿಯಡ್ಕ–ಚೆರ್ಕಳ ರಸ್ತೆ ಬೇರೆಯಾಗಲು ಕಾಸರಗೋಡು ಅಥವಾ ಚೆರ್ಕಳ ಬೇಕು. ಕೂಡಿಸಿದರೆ ನಾಲ್ಕಕ್ಕಿಂತ ಕಡಿಮೆಗೆ ಆಗುವುದಿಲ್ಲ. ಕಾಸರಗೋಡು, ಕುಂಬಳೆ, ಮುಳ್ಳೇರಿಯ, ಪೆರ್ಲ ನಾಲ್ಕನ್ನೂ ಇಟ್ಟರೆ ಏಳು ಊರು, ಎಂಟು ರಸ್ತೆ, ಹದಿನೈದೂ ಬೇರೆ ಬೇರೆ ಬರುತ್ತವೆ. ಉತ್ತರ 4.

ಊರಿಗೆ 2, ರಸ್ತೆಗೆ 3, ಎರಡಕ್ಕೂ 4. ಒಂದೇ ನಕ್ಷೆ.

ಹುಡುಕುವುದು ಕಡಿದುಹೋದದ್ದನ್ನಾದರೆ

ಇದು ಬೇರೆಯೇ ಜಾತಿಯ ಪ್ರಶ್ನೆ. ಮೇಲಿನ ಮೂರರಲ್ಲಿ ಗ್ರಾಫ್ ಹಾಗೆಯೇ ಇರುತ್ತದೆ, ಅದರೊಳಗೆ ಏನೋ ಒಂದು ಎಲ್ಲಿದೆ ಎಂದು ಕೇಳುತ್ತೇವೆ. ಇಲ್ಲಿ ಗ್ರಾಫಿನ ಅಂಚೇ ಒಂದು ಹೋಗಿದೆ. ಗುಡ್ಡ ಜರಿದು ರಸ್ತೆ ಬಂದ್ ಆಗಿದೆ ಅನ್ನಿ. ಹೆಗ್ಗುರುತಿನಲ್ಲಿ ಇರುವವನ ಹತ್ತಿರ ಎಲ್ಲ ಊರುಗಳಿಗೆ ತನ್ನಿಂದ ಎಷ್ಟು ದೂರ ಎನ್ನುವ ಪಟ್ಟಿ ಇದೆ. ಯಾವುದೋ ಊರಿಗೆ ದೂರ ಹೆಚ್ಚಾದರೆ ಅಥವಾ ಹೋಗಲೇ ಆಗದಿದ್ದರೆ ಅವನಿಗೆ ಗೊತ್ತಾಗುತ್ತದೆ. ಯಾವ ಅಂಚು ಹೋದರೂ ಒಬ್ಬನಿಗಾದರೂ ಗೊತ್ತಾಗಬೇಕು. ಇದು ಡಿಸ್ಟೆನ್ಸ್ ಎಡ್ಜ್ ಮಾನಿಟರಿಂಗ್. ಫುಕೋ, ಕಾವೋ, ಕ್ಲಾಸಿಂಗ್, ಮಿಲ್ಲರ್, ರಯಾನ್ ಬರೆದದ್ದು. ಕನ್ನಡದಲ್ಲಿ ಅಂಚಿನ ಕಾವಲು ಎನ್ನುತ್ತೇನೆ.

ಕಾಸರಗೋಡು–ಕುಂಬಳೆ ಜೋಡಿ ಇಲ್ಲಿ ಸೋಲುತ್ತದೆ. ಬದಿಯಡ್ಕ–ಮುಳ್ಳೇರಿಯ ರಸ್ತೆ ಬಂದ್ ಆದರೆ ಕಾಸರಗೋಡಿನವನಿಗೆ ಏನೂ ಗೊತ್ತಾಗುವುದಿಲ್ಲ, ಅವನು ಮುಳ್ಳೇರಿಯಕ್ಕೆ ಹೋಗುವುದು ಚೆರ್ಕಳದ ಮೇಲೆ. ಕುಂಬಳೆಯವನಿಗೆ ಮುಳ್ಳೇರಿಯಕ್ಕೆ 3ರ ದಾರಿ ಎರಡಿದೆ. ಒಂದು ಹೋದರೆ ಇನ್ನೊಂದು. ದೂರ ಬದಲಾಗುವುದೇ ಇಲ್ಲ.

ಕಾಸರಗೋಡು–ಬದಿಯಡ್ಕ ಇಡಿ. ಮೊದಲ ಲೆಕ್ಕದಲ್ಲಿ ಪ್ರಯೋಜನಕ್ಕೆ ಬಾರದ ಜೋಡಿ ಇದು. ಇಲ್ಲಿ ಅದೇ ಗೆಲ್ಲುತ್ತದೆ. ಕಾಸರಗೋಡಿನವನು ಆರು ರಸ್ತೆ ಕಾಯುತ್ತಾನೆ. ಉಳಿದ ಎರಡು, ಸೀತಾಂಗೋಳಿ–ಬದಿಯಡ್ಕ ಮತ್ತು ಬದಿಯಡ್ಕ–ಮುಳ್ಳೇರಿಯ, ಬದಿಯಡ್ಕದವನ ಕಾಲಬುಡದಲ್ಲೇ ಇವೆ. ತನ್ನನ್ನು ಮುಟ್ಟುವ ಅಂಚು ಪ್ರತಿಯೊಂದನ್ನೂ ಹೆಗ್ಗುರುತು ಕಾಯುತ್ತದೆ. ಒಂದೇ ಹೆಗ್ಗುರುತು ಸಾಕಾಗುವುದು ಗ್ರಾಫಿನಲ್ಲಿ ಸುತ್ತು ಇಲ್ಲದಾಗ ಮಾತ್ರ, ಆದ್ದರಿಂದ ಉತ್ತರ 2.

ಇನ್ನೊಂದು ಒಳ್ಳೆಯ ಗುಣ ಇದಕ್ಕಿದೆ. ಅಂಚು ಹೋಗಿದೆ ಎಂದಷ್ಟೇ ಅಲ್ಲ, ಒಂದೇ ಅಂಚು ಹೋಗಿದ್ದರೆ ಯಾವುದು ಎಂದೂ ಹೇಳಬಹುದು. ಯಾರಿಗೆ ಯಾವ ಊರು ದೂರವಾಯಿತು ಎಂಬ ಪಟ್ಟಿ ಪ್ರತಿ ಅಂಚಿಗೂ ಬೇರೆಯೇ ಬರುತ್ತದೆ. ಆದರೆ ಬೆಲೆ ಮರೆಯಬೇಡಿ. ಮೊದಲ ಮೂರರಲ್ಲಿ ಒಬ್ಬೊಬ್ಬ ಒಂದೊಂದೇ ಸಂಖ್ಯೆ ಹೇಳುತ್ತಾನೆ. ಇಲ್ಲಿ ಒಬ್ಬೊಬ್ಬನಿಗೂ ಎಲ್ಲ ಊರಿನ ದೂರ ದಿನಾ ಗೊತ್ತಿರಬೇಕು. ಕಂಪ್ಯೂಟರ್ ನೆಟ್‌ವರ್ಕ್‌ನಲ್ಲಿ ಅದು ಸುಲಭ. ಬೇರೆ ಕಡೆ ಅಲ್ಲ. ಹೆಗ್ಗುರುತುಗಳ ಸಂಖ್ಯೆ ಕಡಿಮೆ ಇದೆ ಎಂದು ಸುಮ್ನೆ ಇದನ್ನು ಆರಿಸಿದರೆ ಲೆಕ್ಕ ತಪ್ಪುತ್ತದೆ.

ಅಡಿಕೆ ತೋಟದಲ್ಲಿ

ಸುತ್ತು ಇಲ್ಲದ ಗ್ರಾಫಿಗೆ ಮರ ಎನ್ನುತ್ತಾರೆ. ನಮ್ಮ ತೋಟದ ಪೈಪ್‌ಲೈನ್ ಅಂಥದ್ದೇ. ಸುರಂಗದ ನೀರು ಟ್ಯಾಂಕಿಗೆ ಬೀಳುತ್ತದೆ. ಟ್ಯಾಂಕಿನಿಂದ ಒಂದು ಮೈನ್ ಪೈಪು ಇಳಿಯುತ್ತದೆ. ಅದರಲ್ಲಿ ಮೂರು ಕಡೆ ಜಾಯಿಂಟು. ಪ್ರತಿ ಜಾಯಿಂಟಿನಿಂದ ಎಡಕ್ಕೊಂದು, ಬಲಕ್ಕೊಂದು ಲೈನು, ತುದಿಗೆ ಎಂಡ್ ಕ್ಯಾಪ್. ಮೈನ್ ಪೈಪು ಮೂರನೆಯ ಜಾಯಿಂಟಿನಲ್ಲಿ ಮುಗಿಯುತ್ತದೆ. ಬಿಂದು 10, ಅಂಚು 9. ತುದಿಗಳು ಟ್ಯಾಂಕ್ ಸೇರಿ 7.

ಸೋರುವ ಜಾಗ ತನ್ನಿಂದ ಎಷ್ಟು ಪೈಪು ಆಚೆ ಎಂದು ಹೇಳುವ ಯಂತ್ರ ನಮ್ಮಲ್ಲಿ ಇದೆ ಎಂದುಕೊಳ್ಳಿ. ಜಾಯಿಂಟು ಸೋರುತ್ತಿದೆ ಎಂದು ಖಚಿತವಿದ್ದರೆ ಎಷ್ಟು ಯಂತ್ರ ಬೇಕು? ಮರಗಳಿಗೆ ಒಳ್ಳೆಯ ನಿಯಮ ಇದೆ. ಒಂದು ಕವಲಿನಿಂದ ನೇರ ತುದಿಗೆ ಹೋಗುವ ಕಾಲುಗಳನ್ನು ಎಣಿಸಿ, ಒಂದನ್ನು ಬಿಟ್ಟು ಉಳಿದ ಕಾಲುಗಳ ತುದಿಗೆ ಯಂತ್ರ ಹಾಕಿ. ಮೊದಲ ಜಾಯಿಂಟಿಗೆ ಟ್ಯಾಂಕ್ ಸೇರಿ ಮೂರು ಕಾಲು, ಹಾಗಾಗಿ 2. ಎರಡನೆಯದಕ್ಕೆ 1, ಮೂರನೆಯದಕ್ಕೆ 1. ಒಟ್ಟು 4. ಪೈಪು ಸೋರುತ್ತಿದ್ದರೂ 4. ಮರದಲ್ಲಿ ಬಿಂದುವಿಗೂ ಅಂಚಿಗೂ ಒಂದೇ ಉತ್ತರ.

ಜಾಯಿಂಟೋ ಪೈಪೋ ಗೊತ್ತಿಲ್ಲ ಅಂದರೆ 7. ಎಲ್ಲ ತುದಿಗೂ ಹಾಕಬೇಕು. ಮರದ ಮಿಶ್ರ ಲೆಕ್ಕ ಅಂದರೆ ತುದಿಗಳನ್ನು ಎಣಿಸುವುದು, ಅಷ್ಟೇ.

ಪೈಪು ಕಡಿದೇ ಹೋಗಿದ್ದರೆ 1. ಅಪ್ಪ ಮಾಡುವುದು ಅದನ್ನೇ. ಟ್ಯಾಂಕಿನ ಗೇಟ್ ವಾಲ್ವ್ ತೆರೆದು ಕೆಳಗೆ ಇಳಿಯುತ್ತಾ ಬರುತ್ತಾರೆ, ಒಂದೊಂದೇ ಲೈನಿನ ಕ್ಯಾಪ್ ಬಿಚ್ಚಿ ನೀರು ಉಂಟಾ ನೋಡುತ್ತಾರೆ. ಎಲ್ಲಿವರೆಗೆ ನೀರಿದೆ, ಎಲ್ಲಿಂದ ಆಚೆ ಇಲ್ಲ ಎನ್ನುವುದರ ನಡುವಿನ ಪೈಪಿಗೆ ಕೈ ಹಾಕುತ್ತಾರೆ. ಲೆಕ್ಕ ನೋಡುವುದು ಟ್ಯಾಂಕಿನಿಂದ ಮಾತ್ರ, ಆದರೆ ನೋಡಬೇಕಾದ್ದು ಎಲ್ಲ ಬಿಂದುಗಳನ್ನೂ. 7 ಯಂತ್ರಕ್ಕೂ 1 ಯಂತ್ರಕ್ಕೂ ನಡುವಿನ ಅಂತರ ಇಲ್ಲಿ ತೋಟ ಸುತ್ತುವ ಕಾಲಿನ ಮೇಲೆ ಬೀಳುತ್ತದೆ.

ಇನ್ನು ಕೆಲವು ಆಕಾರಗಳು, ಬೇಗ ಬೇಗ. ಸುತ್ತಿಗೆ ಬಿಂದು 2, ಅಂಚು 2, ಮಿಶ್ರ 3, ಕಾವಲು 2. ಎಲ್ಲ ಬಿಂದುಗಳೂ ಪರಸ್ಪರ ಜೋಡಿಸಿದ ಪೂರ್ಣ ಗ್ರಾಫ್ 10 ಬಿಂದುಗಳದ್ದಾದರೆ 9, 9, 10, 9. ಅದರಲ್ಲಿ ಉಳಿತಾಯವೇ ಇಲ್ಲ. ಸೈಟುಗಳ ಲೇಔಟಿನಂತೆ ಚೌಕಚೌಕವಾಗಿ ರಸ್ತೆ ಇದ್ದರೆ, ಉದ್ದಕ್ಕೆ 10, ಅಗಲಕ್ಕೆ 6 ಬಿಂದು ಅನ್ನಿ, ಬಿಂದು 2, ಅಂಚು 2, ಮಿಶ್ರ 3. ಬಿಂದುವಿಗೂ ಅಂಚಿಗೂ ಒಂದೇ ಬದಿಯ ಎರಡು ಮೂಲೆಗಳಲ್ಲಿ ನಿಂತರೆ ಸಾಕು. ಆದರೆ ಕಾವಲಿಗೆ 10 ಬೇಕು. ಚೌಕದಲ್ಲಿ ಬಳಸುದಾರಿ ತುಂಬ, ಒಂದು ರಸ್ತೆ ಹೋದರೆ ಅಷ್ಟೇ ದೂರದ ಇನ್ನೊಂದು ಸಿಗುತ್ತದೆ. ತೋಟದಲ್ಲಿ ಅತಿ ಅಗ್ಗವಾಗಿದ್ದ ಕಾವಲು ಇಲ್ಲಿ ಅತಿ ದುಬಾರಿ.

ಆರಿಸುವಾಗ

ನನ್ನ ಹತ್ತಿರ ಬರುವವರಿಗೆ ನಾನು ಮೊದಲು ಕೇಳುವುದು ಒಂದೇ. ನೀವು ಹುಡುಕುವ ವಸ್ತು ಎಲ್ಲಿ ಕೂತಿರುತ್ತದೆ? ಬಿಂದುವಿನಲ್ಲಾದರೆ ಮೆಟ್ರಿಕ್ ಡೈಮೆನ್ಶನ್, ಅಂಚಿನ ಮೇಲಾದರೆ ಎಡ್ಜ್, ಗೊತ್ತಿಲ್ಲದಿದ್ದರೆ ಮಿಕ್ಸೆಡ್, ಅಂಚೇ ಇಲ್ಲವಾಗಿದ್ದರೆ ಕಾವಲು. ಸಂಖ್ಯೆ ಚಿಕ್ಕದು ಬರುತ್ತದೆ ಎಂದು ಒಂದನ್ನು ಆರಿಸಿ, ಆಮೇಲೆ ಅದಕ್ಕೆ ಬಳಕೆ ಹುಡುಕುವುದು ತಿರುಗಾಮುರುಗ. ನಿಮ್ಮ ಹೆಗ್ಗುರುತಿಗೆ ದೂರವೇ ತಿಳಿಯುವುದಿಲ್ಲ, ತನ್ನಲ್ಲಿ ಅಥವಾ ಪಕ್ಕದ ಬಿಂದುವಿನಲ್ಲಿ ಏನಾದರೂ ಉಂಟಾ ಇಲ್ವಾ ಎಂದಷ್ಟೇ ತಿಳಿಯುತ್ತದೆ ಅಂತಾದರೆ ಈ ನಾಲ್ಕೂ ಬೇಡ. ಅದಕ್ಕೆ ಐಡೆಂಟಿಫೈಯಿಂಗ್ ಕೋಡ್ ಎಂಬ ಬೇರೆ ವಿಷಯ ಇದೆ, 1998ರಲ್ಲಿ ಕಾರ್ಪೋವ್‌ಸ್ಕಿ, ಚಕ್ರವರ್ತಿ, ಲೆವಿಟಿನ್ ಶುರು ಮಾಡಿದ್ದು.

ಲೆಕ್ಕದ ಕಷ್ಟದಲ್ಲಿ ನಾಲ್ಕರಲ್ಲಿ ಯಾವುದೂ ಕಡಿಮೆಯಿಲ್ಲ. ನಾಲ್ಕೂ ಎನ್‌ಪಿ-ಹಾರ್ಡ್, ಅಂದರೆ ಯಾವ ಗ್ರಾಫ್ ಕೊಟ್ಟರೂ ಬೇಗ ಲೆಕ್ಕ ಮುಗಿಸುವ ವಿಧಾನ ಯಾರಿಗೂ ಗೊತ್ತಿಲ್ಲ. ಏಳು ಊರಿಗಾದರೆ 128 ಗುಂಪುಗಳನ್ನು ಪರೀಕ್ಷಿಸಿದರೆ ಮುಗಿಯಿತು. ನಲವತ್ತು ಊರಾದರೆ ಆ ದಾರಿ ನಡೆಯುವುದಿಲ್ಲ. ಪ್ರತಿ ಸಲ ಅತಿ ಹೆಚ್ಚು ಜೋಡಿಗಳನ್ನು ಬೇರೆ ಮಾಡುವ ಬಿಂದುವನ್ನೇ ಸೇರಿಸುತ್ತಾ ಹೋಗುವ ಗ್ರೀಡಿ ವಿಧಾನ ಹಿಡಿಯಿರಿ. ಕನಿಷ್ಠವೇ ಸಿಗುತ್ತದೆ ಎಂಬ ಭರವಸೆ ಇಲ್ಲ, ಆದರೆ ತೀರಾ ದೂರವೂ ಹೋಗುವುದಿಲ್ಲ. ಪ್ರಾಜೆಕ್ಟಿಗೆ ಆರು ತಿಂಗಳು ಮಾತ್ರ ಇದ್ದರೆ ಮರ, ಚಕ್ರ, ಚೌಕ ಇಂಥ ಒಂದು ಆಕಾರ ಆರಿಸಿ ನಾಲ್ಕೂ ಲೆಕ್ಕ ಮಾಡಿ. ಯಾವುದೋ ದೊಡ್ಡ ನೆಟ್‌ವರ್ಕ್‌ಗೆ ಒಂದೇ ಲೆಕ್ಕ ಮಾಡುವುದಕ್ಕಿಂತ ಅದು ಜಾಸ್ತಿ ಕಲಿಸುತ್ತದೆ.

ಒಂದು ವಿಷಯ ಉಳಿಯಿತು. ಮಿಶ್ರ ಲೆಕ್ಕಕ್ಕೆ 4 ಎಂದಾಗ ಹೆಚ್ಚಿನವರು 2ರಲ್ಲಿ ಆಗುವ ಕೆಲಸಕ್ಕೆ 4 ಯಾಕೆ ಅನ್ನುತ್ತಾರೆ. ನಮ್ಮ ನಕ್ಷೆಯಲ್ಲಿ ಆ ನಾಲ್ಕು ಊರಿನಲ್ಲಿ ಒಂದರ ಫೋನ್ ಕೆಟ್ಟಿತು ಅನ್ನಿ, ಯಾವುದಾದರೂ ಸರಿ. ಕಾಸರಗೋಡು ಹೋದರೆ ಕುಂಬಳೆ, ಮುಳ್ಳೇರಿಯ, ಪೆರ್ಲ ಉಳಿಯುತ್ತವೆ. ಆ ಮೂರರಿಂದ ಏಳು ಊರುಗಳೂ ಬೇರೆ ಬೇರೆ ಬರುತ್ತವೆ. ಎಂಟು ರಸ್ತೆಗಳೂ ತಮ್ಮತಮ್ಮಲ್ಲಿ ಬೇರೆ ಬೇರೆ ಬರುತ್ತವೆ. ಕುಂಬಳೆ ತೆಗೆದರೂ ಹಾಗೇ, ಮುಳ್ಳೇರಿಯ ತೆಗೆದರೂ ಹಾಗೇ, ಪೆರ್ಲ ತೆಗೆದರೂ ಹಾಗೇ. ಊರು ಮತ್ತು ರಸ್ತೆಯನ್ನು ಒಂದಕ್ಕೊಂದು ಬೇರ್ಪಡಿಸುವ ಶಕ್ತಿ ಮಾತ್ರ ಹೋಗುತ್ತದೆ. ಮಳೆಗಾಲದಲ್ಲಿ ಕರೆಂಟು, ಟವರು ಎರಡೂ ಕೈಕೊಡುವ ನಮ್ಮ ಕಡೆಗೆ ನಾನಾದರೆ 2ನ್ನೂ 3ನ್ನೂ ಬಿಟ್ಟು ಈ 4ನ್ನೇ ಇಡುತ್ತೇನೆ.